ಅರ್ಥನೀತಿಯಲ್ಲಿ ಯೋಗವೂ ಕ್ಷೇಮವೂ

ಸಾಹಿತ್ಯಪತ್ರಿಕೆಯೊಂದರಲ್ಲಿ ಅರ್ಥನೀತಿಯನ್ನು ಕುರಿತು ಬರೆಯುವುದು ಯುಕ್ತವೇ ಎಂದು ವಾಚಕರಲ್ಲಿ ಕೆಲವರಾದರೂ ಆಕ್ಷೇಪಿಸಬಹುದು. ಆಯವ್ಯಯದ ಲೆಕ್ಕವನ್ನು ಬಲ್ಲವರಿಗೆ ಬಿಟ್ಟು, ನಾವು ಕಾವ್ಯನಾಟಕಗಳ ಗುಣದೋಷಗಳನ್ನು ವಿವೇಚಿಸಿಕೊಂಡಿದ್ದರೆ ಸಾಲದೇ ಎಂಬುದು ಅವರ ಭಾವವಾಗಿರಬಹುದು. ಆದರೆ ಅರ್ಥನೀತಿಯೂ ಜನರನ್ನು ಮುಟ್ಟುವುದು ಮೊದಲು ಮಾತಿನ ಮೂಲಕವೇ. ವೃದ್ಧಿ, ಸರಾಸರಿ, ಸುಧಾರಣೆ, ಪ್ರೋತ್ಸಾಹ ಎಂಬ ಶಬ್ದಗಳನ್ನು ನಾವು ದಿನವೂ ವೃತ್ತಪತ್ರಿಕೆಗಳಲ್ಲಿ ಕಾಣುತ್ತೇವೆ. ಕಂಡು ಕಂಡು ಅವುಗಳ ಅರ್ಥ ನಮಗೆ ತಿಳಿದಿದೆಯೆಂದೇ ನಂಬಿಬಿಡುತ್ತೇವೆ. ಶಬ್ದಕ್ಕೂ ಅದು ಹೇಳುವ ವಸ್ತುವಿಗೂ ಇರುವ ಸಂಬಂಧವನ್ನು ಪರೀಕ್ಷಿಸುವುದು ವಿಮರ್ಶೆಯ ಮೊದಲನೆಯ ಕೆಲಸವಾದರೆ, ‘ಅರ್ಥ’ವೆಂಬ ಶಬ್ದವನ್ನೇ ಪರೀಕ್ಷಿಸುವುದು ಅದರ ಎಲ್ಲೆಗೆ ಹೊರಗಿನದಾಗಲಾರದು.

ಕೌಟಿಲ್ಯನ ಅರ್ಥಶಾಸ್ತ್ರವು ಬಹುಕಾಲ ಹೆಸರಿನಿಂದ ಮಾತ್ರ ಪ್ರಸಿದ್ಧವಾಗಿದ್ದಿತು. ಅದರ ಓಲೆಯ ಪ್ರತಿ ಮೈಸೂರಿನ ಪ್ರಾಚ್ಯಪುಸ್ತಕಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಸೇರಿ, 1909ರಲ್ಲಿ ಮುದ್ರಿತವಾದ ಮೇಲೆ ಲೋಕಕ್ಕೆ ಗ್ರಂಥವೇ ದೊರೆಯಿತು. ಅದರ ಕೊನೆಯ ಅಧಿಕರಣದಲ್ಲಿ ಆಚಾರ್ಯನು ತನ್ನ ಶಾಸ್ತ್ರದ ವಿಷಯವನ್ನು ನಿರೂಪಿಸುತ್ತ, ಅರ್ಥವೆಂದರೆ ಮನುಷ್ಯರ ವೃತ್ತಿ, ಅಂದರೆ ಜೀವನೋಪಾಯ ಎನ್ನುತ್ತಾನೆ. ಮನುಷ್ಯರು ನೆಲೆಸಿರುವ ಭೂಮಿಯನ್ನೂ ಅರ್ಥವೆಂದೇ ಕರೆಯುತ್ತಾನೆ. ಕೋಶವನ್ನು ತುಂಬುವ ಉಪಾಯಗಳಲ್ಲಿ, ಕುಟಿಲೋಪಾಯಗಳಲ್ಲಿ ಸಹ, ಅಷ್ಟು ನಿಪುಣನಾದವನೇ ಅರ್ಥದ ಲಕ್ಷಣವನ್ನು ಹೇಳುವಾಗ ಕೋಶವನ್ನು ಹೆಸರಿಸದೆ ಜನರ ಜೀವನವನ್ನು ಹೆಸರಿಸಿದನೆಂಬುದು ಗಮನಿಸತಕ್ಕ ಸಂಗತಿ.

ರಾಜದಂಡದ ಪ್ರಯೋಜನವನ್ನು ಹೇಳುವಾಗ ಅವನು ಬಳಸುವ ಇನ್ನೊಂದು ಶಬ್ದ ‘ಯೋಗಕ್ಷೇಮ.’ ಇದು ನಮಗೆ ಹೊಸದಲ್ಲ. ಯೋಗಕ್ಷೇಮಕ್ಕೆ ಕಾಗದ ಬರೆಯುತ್ತಿರಿ ಎಂದು ಹಿರಿಯರು ಹೇಳುತ್ತಿದ್ದರು. ಜೀವವಿಮಾ ನಿಗಮದ ಲಾಂಛನದ ಮೇಲೆಯೂ ಆ ಶಬ್ದವಿದೆ. ಆದರೆ ಅದು ಒಂದು ಶಬ್ದವಲ್ಲ, ಎರಡು ಶಬ್ದಗಳ ಸಮಾಸ. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಈ ಎರಡನ್ನು ಬಿಡಿಸಿ ನೋಡಿದರೆ ಇಂದಿನ ಅರ್ಥನೀತಿಯ ದೋಷವು, ಅದನ್ನು ಖಂಡಿಸುವ ಪ್ರಗತಿಪರರು ಸಾಮಾನ್ಯವಾಗಿ ತೋರಿಸುವುದಕ್ಕಿಂತಲೂ ಆಳದಲ್ಲಿದೆಯೆಂದು ನನಗೆ ತೋರುತ್ತದೆ. ಅದನ್ನು ಸ್ಥಾಪಿಸುವುದೇ ಈ ಲೇಖನದ ಉದ್ದೇಶ.

ಶಾಸ್ತ್ರದ ಕ್ರಮದಂತೆ ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ಹೇಳಬೇಕು. ಪ್ರಚಲಿತ ನೀತಿಯವರು ಹೇಳುವುದಿಷ್ಟು: ಹಂಚುವುದಕ್ಕೆ ಮೊದಲು ಹಂಚಿಕೊಳ್ಳುವ ಪದಾರ್ಥ ಹುಟ್ಟಬೇಕು. ಬಂಡವಾಳ ಹೂಡುವವನಿಗೆ ತೆರಿಗೆಯ ಹೊರೆ, ಪರವಾನಗಿಯ ತೊಡಕು ಕಡಮೆಯಾದರೆ ಉದ್ಯಮ ಬೆಳೆಯುತ್ತದೆ. ಉದ್ಯಮ ಬೆಳೆದರೆ ಕೆಲಸ ಸಿಗುತ್ತದೆ. ಕೆಲಸ ಸಿಕ್ಕರೆ ಬಡತನ ತಾನಾಗಿಯೇ ಕರಗುತ್ತದೆ. 1991ರಿಂದ ಈಚೆಗೆ ದೇಶವು ಈ ದಾರಿಯಲ್ಲಿ ನಡೆಯಿತು. ಕಡುಬಡತನ ಇಳಿದಿರುವುದನ್ನು ವಿಮರ್ಶಕರೂ ಅಲ್ಲಗಳೆಯರು. ಕೈಗಾರಿಕೆಯಿಲ್ಲದೆ ನಾಡಿಗೆ ಉಳಿವಿಲ್ಲವೆಂಬ ಮಾತು ನಮ್ಮ ಸೀಮೆಗೆ ಹೊರಗಿನದೂ ಅಲ್ಲ. ಹಿಂದೆ ಕೋಲಾರ ಜಿಲ್ಲೆಗೇ ಸೇರಿದ್ದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ಆ ಮಾತನ್ನು ಜೀವಮಾನವೆಲ್ಲ ಸಾರಿದರು. 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಗ್ರಂಥವನ್ನೇ ಬರೆದರು. ಆದರೆ ಅವರ ಯೋಜನೆಯಲ್ಲಿ ರಾಜ್ಯವು ಮುಂದೆ ನಿಂತು ನಡೆಸುತ್ತಿತ್ತು, ಇಂದಿನ ನೀತಿಯಲ್ಲಿ ಪಕ್ಕಕ್ಕೆ ಸರಿದು ದಾರಿಬಿಡುತ್ತದೆ ಎಂಬ ಭೇದವನ್ನು ಮರೆಯಬಾರದು.

ಇದಕ್ಕೆ ಪ್ರಗತಿಪರ ವಿಮರ್ಶಕರ ಉತ್ತರವೇನು? ಪದಾರ್ಥ ಹುಟ್ಟಿದ್ದು ನಿಜ, ಅದು ಯಾರ ಕಣಜವನ್ನು ಸೇರಿತು ಎಂಬುದು ಅವರ ಪ್ರಶ್ನೆ. ಫ್ರಾನ್ಸಿನ ತೊಮಾ ಪಿಕೆಟಿ ಮತ್ತು ಅವರ ಜೊತೆಗಾರರು 2024ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 2022-23ರಲ್ಲಿ ಭಾರತದ ಅತಿ ಶ್ರೀಮಂತರಾದ ಶೇಕಡ 1ರಷ್ಟು ಜನರ ಕೈಯಲ್ಲಿ ದೇಶದ ವರಮಾನದ ಶೇಕಡ 22.6ರಷ್ಟೂ ಸಂಪತ್ತಿನ ಶೇಕಡ 40.1ರಷ್ಟೂ ಇದ್ದಿತು, ಕೆಳಗಿನ ಅರ್ಧದಷ್ಟು ಜನಕ್ಕೆಲ್ಲ ಸೇರಿ ವರಮಾನದಲ್ಲಿ ದೊರೆತದ್ದು ಶೇಕಡ 15. ಈ ಲೆಕ್ಕದ ವಿಧಾನವನ್ನು ಕುರಿತು ವಾದವಿದೆ. ಮನೆಮನೆಯ ಖರ್ಚನ್ನು ಅಳೆದರೆ ಅಂತರ ಇಷ್ಟು ಕಾಣುವುದಿಲ್ಲವೆಂದು ಎದುರುಪಕ್ಷದವರು ಹೇಳುತ್ತಾರೆ. ಆದರೆ ಉಂಡ ಅನ್ನದ ಅಳತೆ ಬೇರೆ, ಇರುವ ಆಸ್ತಿಯ ಅಳತೆ ಬೇರೆ. ಎಷ್ಟು ಶ್ರೀಮಂತನಾದರೂ ಅವನ ಹೊಟ್ಟೆಗೆ ಒಂದು ಮಿತಿಯುಂಟು. ಆಸ್ತಿಗೆ ಆ ಮಿತಿಯಿಲ್ಲ. ಆಸ್ತಿಯ ಮೇಲಿನ ತೆರಿಗೆಗಳಾದರೋ ಒಂದೊಂದಾಗಿ ಕಣ್ಮರೆಯಾದವು. 1953ರಲ್ಲಿ ಬಂದ ಮರಣೋತ್ತರ ಆಸ್ತಿ ತೆರಿಗೆಯನ್ನು 1985ರಲ್ಲಿ ತೆಗೆದರು. 1957ರ ಸಂಪತ್ತಿನ ತೆರಿಗೆಯನ್ನು 2015ರ ಆಯವ್ಯಯದಲ್ಲಿ ಕೈಬಿಟ್ಟರು.

ಇಲ್ಲಿ ‘ಸರಾಸರಿ’ಯೆಂಬ ಶಬ್ದವನ್ನು ನಿಲ್ಲಿಸಿ ವಿಚಾರಿಸಬೇಕಾಗಿದೆ. ನಮ್ಮ ಶಾಸ್ತ್ರಕಾರರಲ್ಲಿ ಸ್ಥಾಲೀಪುಲಾಕನ್ಯಾಯವೆಂಬುದೊಂದುಂಟು. ಪಾತ್ರೆಯಲ್ಲಿ ಬೇಯುತ್ತಿರುವ ಅನ್ನದಲ್ಲಿ ಒಂದು ಅಗುಳನ್ನು ಹಿಸುಕಿ ನೋಡಿ, ಉಳಿದುದೆಲ್ಲವೂ ಬೆಂದಿದೆಯೆಂದು ನಿಶ್ಚಯಿಸುವುದೇ ಆ ನ್ಯಾಯ. ಎಲ್ಲ ಅಗುಳಿಗೂ ಒಂದೇ ನೀರು, ಒಂದೇ ಕಾವು ತಗಲಿದಾಗ ಮಾತ್ರ ಅದು ಸಲ್ಲುತ್ತದೆ. ಕರ್ನಾಟಕದ ತಲಾ ವರಮಾನ ದೇಶದಲ್ಲಿಯೇ ಮೇಲಿನ ಸಾಲಿನಲ್ಲಿದೆಯೆನ್ನುವಾಗ ಹಿಸುಕಿ ನೋಡುವ ಅಗುಳು ಬೆಂಗಳೂರಿನದು. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಆ ಒಂದೇ ನಗರಜಿಲ್ಲೆಯದಾಗಿದೆ. ಡಾಕ್ಟರ್ ಡಿ.ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ತಾಲ್ಲೂಕು ತಾಲ್ಲೂಕಾಗಿ ಅಳೆದು, 175ರಲ್ಲಿ 114 ತಾಲ್ಲೂಕುಗಳು ಹಿಂದುಳಿದಿವೆಯೆಂದು ತೋರಿಸಿದ ಮೇಲೂ ಒಂದೇ ಅಗುಳಿನ ಪರೀಕ್ಷೆ ನಿಂತಿಲ್ಲ.

‘ಪ್ರೋತ್ಸಾಹ’ವೆಂಬ ಶಬ್ದಕ್ಕೂ ಇದೇ ಪರೀಕ್ಷೆ ಸಲ್ಲುತ್ತದೆ. 2019ರ ಸೆಪ್ಟೆಂಬರಿನಲ್ಲಿ ಕೇಂದ್ರಸರ್ಕಾರವು ಕಂಪೆನಿಗಳ ಮೇಲಿನ ತೆರಿಗೆಯ ದರವನ್ನು ಶೇಕಡ 30ರಿಂದ 22ಕ್ಕೆ ಇಳಿಸಿತು. ಇದರಿಂದ ಬೊಕ್ಕಸಕ್ಕೆ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಕಡಮೆಯಾಗುವುದೆಂದು ಸರ್ಕಾರವೇ ಅಂದಾಜು ಹೇಳಿತು. ಅದಕ್ಕೆ ಪ್ರೋತ್ಸಾಹವೆಂದು ಹೆಸರು. 2023ರಲ್ಲಿ ನಮ್ಮ ರಾಜ್ಯಸರ್ಕಾರವು ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವುದೇ ಮೊದಲಾದ ಐದು ಗ್ಯಾರಂಟಿಗಳನ್ನು ತಂದಿತು. 2024-25ರ ಆಯವ್ಯಯದಲ್ಲಿ ಅವುಗಳಿಗೆ ಇರಿಸಿದ್ದು ಸುಮಾರು 52,000 ಕೋಟಿ. ಅದಕ್ಕೆ ‘ಬಿಟ್ಟಿಭಾಗ್ಯ’ವೆಂದು ಹೆಸರು. ಒಂದು ಕೇಂದ್ರದ್ದು, ಇನ್ನೊಂದು ರಾಜ್ಯದ್ದು. ಒಂದು ಬರಬೇಕಾದುದನ್ನು ಬಿಡುವುದು, ಇನ್ನೊಂದು ಬಂದುದನ್ನು ಕೊಡುವುದು. ಆದುದರಿಂದ ಎರಡನ್ನೂ ಸರಿಯಾಗಿ ತೂಗಲಾಗದೆಂಬುದನ್ನು ಒಪ್ಪೋಣ. ಆದರೂ ಒಂದೇ ಬಗೆಯ ತ್ಯಾಗವು ಧನಿಕನ ಬಾಗಿಲಿಗೆ ಹೋದಾಗ ಗೌರವದ ಹೆಸರನ್ನೂ ಬಡವಳ ಬಾಗಿಲಿಗೆ ಬಂದಾಗ ಹೀನವಾದ ಹೆಸರನ್ನೂ ಪಡೆಯುವುದು ಶಬ್ದಶಾಸ್ತ್ರದ ದೃಷ್ಟಿಯಿಂದಲೂ ಅಪಚಾರವೇ.

ಇಲ್ಲಿಯವರೆಗೆ ನಾನು ಪ್ರಗತಿಪರರ ಜೊತೆಗೇ ನಡೆದೆ. ಇನ್ನು ಮುಂದೆ ಅವರ ವಾದ ಸಾಲದೆಂದು ಹೇಳಬೇಕಾಗಿದೆ. ಯಾರಿಗೆ ಎಷ್ಟು ಬಂದಿತೆಂಬುದನ್ನು ಅವರು ಅಳೆಯುತ್ತಾರೆ. ಅದು ಯೋಗದ ಲೆಕ್ಕ. ಕಳೆದುಕೊಳ್ಳುವ ಹೊತ್ತು ಬಂದಾಗ ಯಾರ ನಷ್ಟವನ್ನು ಯಾರು ಹೊರುತ್ತಾರೆ ಎಂಬ ಕ್ಷೇಮದ ಲೆಕ್ಕವನ್ನು ಅವರೂ ಅಷ್ಟಾಗಿ ಇಡುವುದಿಲ್ಲ. ನಮ್ಮ ಜಿಲ್ಲೆಯ ನಾಲ್ಕಾರು ಉದಾಹರಣೆಗಳಿಂದ ಇದು ಸ್ಪಷ್ಟವಾಗುತ್ತದೆ.

ಮೊದಲನೆಯದು ಚಿನ್ನದ ಗಣಿ. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಬಂದಂದಿನಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದವರೆಗೆ 800 ಟನ್ನಿಗೂ ಮಿಕ್ಕಿ ಹೊನ್ನು ಆ ನೆಲದಿಂದ ಹೊರಬಿದ್ದಿತು. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿಯೇ ಗಣಿಯನ್ನು ಮುಟ್ಟಿತು. ಬೆಂಗಳೂರಿನ ದೀಪಗಳು ಹೊತ್ತಿದ್ದು ಮೂರು ವರ್ಷ ಕಳೆದು, 1905ರಲ್ಲಿ. ಯೋಗವೆಂದರೆ ಇದಕ್ಕಿಂತ ದೊಡ್ಡದು ಯಾವುದು? ಕಂಪೆನಿ ಹೋಗಿ 1956ರಲ್ಲಿ ಗಣಿ ರಾಜ್ಯದ್ದಾಯಿತು, ಬಳಿಕ ಕೇಂದ್ರದ್ದಾಯಿತು. ಒಡೆಯರು ಬದಲಾದರೂ ಅದಿರು ಮುಗಿದ ದಿನ ಜನರ ಗತಿಯೇನೆಂಬುದಕ್ಕೆ ಯಾವ ಒಡೆಯನಲ್ಲಿಯೂ ಉತ್ತರ ಸಿದ್ಧವಾಗಿರಲಿಲ್ಲ. ಮೂರು ಕಿಲೋಮೀಟರಿಗೂ ಆಳದಲ್ಲಿ ಇಳಿದು ದುಡಿದವರ ಮಕ್ಕಳು ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೂ ನೌಕರಿಗೂ ಹೋಗಿ ರಾತ್ರಿ ಮರಳುತ್ತಾರೆ. ಊರಿಗೆ ಉಳಿದದ್ದು ಸೈನೈಡು ಬೆರೆತ ಮಣ್ಣಿನ 13 ದಿಬ್ಬಗಳು. ಆ ದಿಬ್ಬಗಳಲ್ಲಿಯೂ ಇನ್ನಷ್ಟು ಹೊನ್ನಿದೆಯೆಂದು ತಿಳಿದು, ಅವುಗಳನ್ನು ಹರಾಜು ಹಾಕಲು 2024ರ ಜೂನಿನಲ್ಲಿ ರಾಜ್ಯದ ಸಚಿವಸಂಪುಟ ಒಪ್ಪಿಗೆಯಿತ್ತಿತು. ಗಣಿಯ ಆದಾಯದಲ್ಲಿ ಒಂದಂಶವನ್ನು ಆ ಜಿಲ್ಲೆಯ ಜನಕ್ಕಾಗಿಯೇ ಎತ್ತಿಡಬೇಕೆಂಬ ಕಾನೂನು ದೇಶದಲ್ಲಿ ಬಂದದ್ದು 2015ರಲ್ಲಿ, ಅಂದರೆ ನಮ್ಮ ಗಣಿ ಮುಚ್ಚಿದ 14 ವರ್ಷಗಳ ಮೇಲೆ.

ಎರಡನೆಯದು ಬೆಳೆ. 2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೇಟೊ ಬಾಕ್ಸು 2,000 ರೂಪಾಯಿಗೂ ಮೀರಿ ಮಾರಿತು. ಪೇಟೆಯ ಜನ ಕೂಗಿದರು. ಸರ್ಕಾರವೇ ಕೊಂಡು ಅಗ್ಗಕ್ಕೆ ಮಾರಿ ನಗರದ ಅಡಿಗೆಮನೆಯನ್ನು ಕಾಪಾಡಿತು. ಅದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಬೆಲೆ ಕುಸಿದು, ಕೀಳುವ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಯ ಬದಿಗೆ ಸುರಿದುಹೋಗುವ ವರ್ಷಗಳಲ್ಲಿ ಅಷ್ಟೇ ಚುರುಕಿನಿಂದ ಯಾರು ಓಡಿಬರುತ್ತಾರೆ? 2025ರ ಜೂನಿನಲ್ಲಿ ಶ್ರೀನಿವಾಸಪುರದ ಮಾವಿನ ಬೆಳೆಗಾರರಿಗೆ ಆದದ್ದನ್ನು ವಾಚಕರು ಮರೆತಿರಲಾರರು. ಚಿತ್ತೂರು ಜಿಲ್ಲೆಯ ಆಡಳಿತವು ಕರ್ನಾಟಕದ ತೋತಾಪುರಿಗೆ ಗಡಿಯನ್ನು ಮುಚ್ಚಿತು. ಕ್ವಿಂಟಾಲಿಗೆ 5,466 ರೂಪಾಯಿ ಖರ್ಚು ಬೀಳುವ ಹಣ್ಣಿನ ಬೆಲೆ 3,000ಕ್ಕೆ ಇಳಿದಿದೆಯೆಂದು ಮುಖ್ಯಮಂತ್ರಿಗಳು ಕೇಂದ್ರಕ್ಕೆ ಬರೆದರು. ಊರು ಬಂದ್ ಆಯಿತು. ಆಮೇಲೆ 2.5 ಲಕ್ಷ ಟನ್ನಿನವರೆಗೆ ಬೆಲೆಯ ಕೊರತೆಯನ್ನು ತುಂಬಿಕೊಡಲು ಕೇಂದ್ರವು ಒಪ್ಪಿತು. ಒಪ್ಪಿದ್ದು ಒಳ್ಳೆಯದೇ. ಆದರೆ ಬೆಳೆಗಾರನ ಕ್ಷೇಮವು ಪತ್ರವ್ಯವಹಾರಕ್ಕೂ ಬಂದ್‌ಗೂ ಕಾದು, ಹಣ್ಣು ಕೊಳೆಯತೊಡಗಿದ ಮೇಲೆ ಬಂದಿತು. ಸಾವಿರ ಅಡಿಗೂ ಆಳಕ್ಕೆ ಕೊಳವೆಬಾವಿ ಕೊರೆಸಿ, ನೀರು ಬಾರದಿದ್ದರೆ ಆ ನಷ್ಟವನ್ನು ಒಬ್ಬನೇ ಹೊರುವವನೂ ಅವನೇ.

ಮೂರನೆಯದು ಕೂಲಿ. 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳದ ವಿವಾದವು ದೊಂಬಿಯಾಗಿ ಒಡೆಯಿತು. ಆಸ್ತಿಯನ್ನು ಹಾಳುಮಾಡಿದ್ದನ್ನು ಯಾರೂ ಸಮರ್ಥಿಸಲಾರರು. ಆದರೆ ಅಲ್ಲಿ ದುಡಿಯುತ್ತಿದ್ದವರಲ್ಲಿ ಬಹುಪಾಲು ಗುತ್ತಿಗೆದಾರರ ಮೂಲಕ ಬಂದವರು. ಕಾರ್ಖಾನೆಗಳ ಇಲಾಖೆಯ ತನಿಖೆಯಲ್ಲಿ ಕಾನೂನಿನ ಉಲ್ಲಂಘನೆಗಳು ಕಂಡುಬಂದವು. ಕೆಲವರಿಗೆ ಸಂಬಳ ಸರಿಯಾಗಿ, ಸಕಾಲಕ್ಕೆ ಸಂದಿಲ್ಲವೆಂದು ಕಂಪೆನಿಯೇ ಒಪ್ಪಿ ಕ್ಷಮೆ ಕೇಳಿತು. 2023ರಲ್ಲಿ ಆ ಕಾರ್ಖಾನೆಯನ್ನು ಟಾಟಾದವರು ಕೊಂಡರು. ಹಳ್ಳಿಯ ಹೆಣ್ಣುಮಕ್ಕಳ ಕೈಗೆ ಇಂತಹ ಕಾರ್ಖಾನೆಗಳಿಂದ ಸ್ವಂತ ಸಂಪಾದನೆ ಬಂದಿದೆ. ಅದು ಯೋಗವೇ ಸರಿ, ಅದನ್ನು ಹಳಿಯುವವರು ಆ ಮಕ್ಕಳ ಮನೆಗೆ ಹೋಗಿ ನೋಡಬೇಕು. ಆದರೆ ಕೆಲಸ ನಾಳೆಯೂ ಇರುತ್ತದೆಯೇ, ದುಡಿದ ದಿನಕ್ಕೆ ಹಣ ಬರುತ್ತದೆಯೇ ಎಂಬ ಭರವಸೆಯಿಲ್ಲದ ಯೋಗವು ಅರ್ಧ ಯೋಗ.

ನೀರಿನ ವಿಷಯವನ್ನೂ ಹೇಳದೆ ಬಿಡಲಾಗದು. 2018ರ ಜೂನಿನಲ್ಲಿ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆಯ ನೀರು ನಮ್ಮ ಲಕ್ಷ್ಮೀಸಾಗರದ ಕೆರೆಗೆ ಬಂದಿತು. ಬೆಂಗಳೂರು ಕಾವೇರಿಯನ್ನು ಕುಡಿದು, ಬಳಸಿ, ಎರಡು ಹಂತ ಶುದ್ಧಿಮಾಡಿ ಬಿಟ್ಟ ನೀರು ಅದು. ಬತ್ತಿದ ಕೆರೆಗಳು ತುಂಬಿದವು, ಅಂತರ್ಜಲವೂ ಏರಿತು. ರೈತರು ಸಂತೋಷಪಟ್ಟುದರಲ್ಲಿ ಆಶ್ಚರ್ಯವಿಲ್ಲ. ಮೂರನೆಯ ಹಂತದ ಶುದ್ಧಿಯೂ ಬೇಕೆಂದು ನ್ಯಾಯಾಲಯದವರೆಗೆ ಹೋದವರು ಕೇಳಿದ್ದು ನೀರು ಬೇಡವೆಂದಲ್ಲ. ನೀರಿನ ಜೊತೆಗೆ ಕ್ಷೇಮವೂ ಬರಲಿ ಎಂದು. ಯೋಗವನ್ನು ಕೊಟ್ಟವರಿಗೆ ಕ್ಷೇಮವನ್ನು ಕೇಳಿದವರು ಕೃತಘ್ನರಂತೆ ಕಾಣುವುದೇ ಇಂದಿನ ನೀತಿಯ ಮನೋಧರ್ಮ.

ಇನ್ನು ಎದುರುಭಾಗವನ್ನು ನೋಡೋಣ. ದೊಡ್ಡ ಬಂಡವಾಳದ ನಷ್ಟ ಯಾರ ಹೆಗಲೇರುತ್ತದೆ? 2014-15ರಿಂದ 2022-23ರವರೆಗಿನ 9 ವರ್ಷಗಳಲ್ಲಿ ಬ್ಯಾಂಕುಗಳು ವಸೂಲಾಗದ 14.56 ಲಕ್ಷ ಕೋಟಿ ರೂಪಾಯಿ ಸಾಲವನ್ನು ತಮ್ಮ ಲೆಕ್ಕದಿಂದ ತೆಗೆದವೆಂದು ಸರ್ಕಾರವು 2023ರಲ್ಲಿ ಸಂಸತ್ತಿಗೆ ತಿಳಿಸಿತು. ಅದರಲ್ಲಿ ಅರ್ಧಕ್ಕೂ ಹೆಚ್ಚು, 7.4 ಲಕ್ಷ ಕೋಟಿ, ದೊಡ್ಡ ಉದ್ಯಮಗಳದು. ಲೆಕ್ಕದಿಂದ ತೆಗೆಯುವುದೆಂದರೆ ಮನ್ನಾ ಮಾಡುವುದಲ್ಲ, ವಸೂಲಿಯ ಹಕ್ಕು ಉಳಿದಿರುತ್ತದೆ ಎನ್ನುತ್ತಾರೆ. ಆ ಮಾತು ನಿಜ. ಆದರೆ ಹಾಗೆ ವಸೂಲಾದದ್ದು ಸುಮಾರು 2 ಲಕ್ಷ ಕೋಟಿ. ಉಳಿದ ನಷ್ಟವು ಠೇವಣಿದಾರನಿಗೂ ತೆರಿಗೆದಾರನಿಗೂ ಕಾಣದಂತೆ ಹಂಚಿಹೋಗುತ್ತದೆ. ರೈತನ ಸಾಲವನ್ನು ಮನ್ನಾ ಮಾಡಿದಾಗ ನೀತಿ ಕೆಟ್ಟಿತೆಂದು ಕೂಗುವವರು ಇಲ್ಲಿ ಮೌನವಾಗಿರುತ್ತಾರೆ. ಆದುದರಿಂದ ನನ್ನ ಸಿದ್ಧಾಂತವಿದು: ಸಂಪತ್ತಿನ ಅಸಮಾನತೆಗಿಂತಲೂ ಕ್ಷೇಮದ ಅಸಮಾನತೆಯೇ ಮೂಲವಾದುದು. ದೊಡ್ಡವನ ಲಾಭ ಅವನದು, ನಷ್ಟ ಎಲ್ಲರದು. ಸಣ್ಣವನ ನಷ್ಟ ಅವನೊಬ್ಬನದು. ಇದು ನಿಲ್ಲದೆ ಹೋದರೆ ಇಂದು ಆಸ್ತಿಯನ್ನೆಲ್ಲ ಸಮನಾಗಿ ಹಂಚಿದರೂ, ಎರಡು ಬರಗಾಲ ಕಳೆಯುವಷ್ಟರಲ್ಲಿ ಅದು ಮತ್ತೆ ಹಳೆಯ ಕಣಜಗಳಿಗೇ ಸೇರುತ್ತದೆ. ಬೆಳೆ ಕೆಟ್ಟ ವರ್ಷದಲ್ಲಿ ನೆಲ ಮಾರುವವನು ಯಾರು, ಕೊಳ್ಳುವವನು ಯಾರು ಎಂಬುದನ್ನು ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಬಲ್ಲರು. 2020ರಲ್ಲಿ ಭೂಸುಧಾರಣಾ ಶಾಸನವನ್ನು ತಿದ್ದಿ, ಬೇಸಾಯಗಾರರಲ್ಲದವರೂ ಕೃಷಿಭೂಮಿಯನ್ನು ಕೊಳ್ಳಬಹುದೆಂದು ಮಾಡಿದ್ದು ಕೊಳ್ಳುವವನ ದಾರಿಯನ್ನು ಇನ್ನಷ್ಟು ಅಗಲಮಾಡಿತು. ಮಾಲೂರು-ನರಸಾಪುರಗಳ ಸುತ್ತ ಹೊಲಗಳು ನಿವೇಶನಗಳಾಗುತ್ತಿರುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎಲ್ಲರ ನಷ್ಟವನ್ನೂ ರಾಜ್ಯವೇ ತುಂಬಿಕೊಟ್ಟರೆ ದುಡಿಯುವವರು ಯಾರು, ಸಾಹಸಪಡುವವರು ಯಾರು ಎಂದು ಆಕ್ಷೇಪ ಬರಬಹುದು. ಎಲ್ಲ ನಷ್ಟವನ್ನೂ ತುಂಬಬೇಕೆಂದು ಇಲ್ಲಿ ಹೇಳಿಲ್ಲ. ಸೋಮಾರಿತನದಿಂದ ಆದ ನಷ್ಟ ಬೇರೆ. ಗಡಿ ಮುಚ್ಚಿದ್ದರಿಂದ, ಮಳೆ ತಪ್ಪಿದ್ದರಿಂದ, ಅದಿರು ಮುಗಿದದ್ದರಿಂದ ಆದ ನಷ್ಟ ಬೇರೆ. ಎರಡನೆಯ ಬಗೆಯದನ್ನು ಕೌಟಿಲ್ಯನೇ ದೈವದಿಂದ ಬಂದ ಭಯಗಳೆಂದು ನಾಲ್ಕನೆಯ ಅಧಿಕರಣದಲ್ಲಿ ಎಣಿಸಿ, ದುರ್ಭಿಕ್ಷದಲ್ಲಿ ರಾಜನು ಬೀಜವನ್ನೂ ಅನ್ನವನ್ನೂ ಒದಗಿಸಬೇಕು, ಕೆರೆಕಟ್ಟೆಗಳ ಕೆಲಸವನ್ನು ಹೂಡಬೇಕು ಎನ್ನುತ್ತಾನೆ; ಹಣ ಸಾಲದಿದ್ದರೆ ಧನಿಕರಿಗೆ ಕೃಶಗೊಳಿಸುವ ಚಿಕಿತ್ಸೆಯನ್ನೋ ವಮನಚಿಕಿತ್ಸೆಯನ್ನೋ ಮಾಡಿಸಬಹುದೆಂದೂ ವೈದ್ಯನ ಮಾತಿನಲ್ಲಿ ಸೂಚಿಸುತ್ತಾನೆ. ಅವನು ಸಮಾನತೆಯ ಪಕ್ಷಪಾತಿಯಲ್ಲ; ವರ್ಣಭೇದವನ್ನು ಒಪ್ಪಿದವನು. ಅಂಥವನಿಗೂ ಪ್ರಜೆಗಳ ಕ್ಷೇಮವಿಲ್ಲದೆ ರಾಜ್ಯ ನಿಲ್ಲದೆಂಬುದು ತಿಳಿದಿತ್ತು.

ವರ್ಣಭೇದದ ಮಾತು ಬಂದುದರಿಂದ ಪ್ರಗತಿಪರರಿಗೆ ಇನ್ನೊಂದು ವಿಜ್ಞಾಪನೆ. ಮೇಲಿನ ಶೇಕಡ 1ರಷ್ಟು ಜನರತ್ತ ಬೆರಳು ತೋರಿಸುವುದು ಸುಲಭ, ಅವರು ದೂರದಲ್ಲಿದ್ದಾರೆ. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯಲ್ಲಿ ನೂರಕ್ಕೆ 30 ಮಂದಿ ಪರಿಶಿಷ್ಟ ಜಾತಿಯವರು. ಅವರಲ್ಲಿ ಎಷ್ಟೋ ಮಂದಿಗೆ ಕೂಲಿಯೇ ವೃತ್ತಿ. ಟೊಮೇಟೊ ಬೆಲೆ ಏರಿದ ದಿನ ಅವರ ಕೂಲಿ ಏರುವುದಿಲ್ಲ, ಇಳಿದ ದಿನ ಕೆಲಸವೇ ಇರುವುದಿಲ್ಲ. ರೈತನ ಕ್ಷೇಮವೆನ್ನುವಾಗ ಅವನ ಹೊಲದಲ್ಲಿ ಕೀಳುವವಳ ಕ್ಷೇಮವನ್ನೂ ಎಣಿಸದಿದ್ದರೆ, ನಾವು ಖಂಡಿಸುವ ಸರಾಸರಿಯ ತಪ್ಪನ್ನೇ ನಮ್ಮ ಊರಿನೊಳಗೆ ಮಾಡಿದಂತಾಗುತ್ತದೆ. ಅಲ್ಲದೆ ಈ ವಿಮರ್ಶೆಯೆಲ್ಲ ಇಂಗ್ಲಿಷಿನಲ್ಲಿ ಹುಟ್ಟಿ ಇಂಗ್ಲಿಷಿನಲ್ಲಿಯೇ ಮುಗಿಯುತ್ತಿದೆ. ಕನ್ನಡಕ್ಕೆ ಬಂದಾಗಲೂ ಬಾಯಿಗೆ ಬಾರದ ಪಾರಿಭಾಷಿಕ ಶಬ್ದಗಳ ಹೊರೆಯನ್ನು ಹೊತ್ತು ಬರುತ್ತದೆ. ಯೋಗ, ಕ್ಷೇಮ, ವೃತ್ತಿ ಎಂಬ ಮಾತುಗಳು ನಮ್ಮ ಮನೆಗಳಲ್ಲಿಯೇ ಇರುವಾಗ ಅವುಗಳಿಂದ ಕೆಲಸ ತೆಗೆಯಬಾರದೇಕೆ?

ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಕವಿಗಳಾಗಿದ್ದೂ ಸಾರ್ವಜನಿಕ ವಿಷಯಗಳ ವಿಚಾರವನ್ನು ಕೀಳೆಂದೆಣಿಸಲಿಲ್ಲ. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ಜಿಲ್ಲೆಯವರಾದ ನಾವು ಅಷ್ಟು ದೊಡ್ಡದನ್ನಲ್ಲದಿದ್ದರೂ ಒಂದು ಚಿಕ್ಕ ಕೆಲಸವನ್ನು ಮಾಡಬಹುದು. ರಾಜ್ಯದ ಆಯವ್ಯಯ ಮಂಡನೆಯಾದ ತಿಂಗಳಲ್ಲಿ, ನಮ್ಮ ಸಂಘದ ಶಾಖೆಗಳಿರುವ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಒಂದೊಂದು ಸಂಜೆ ಕುಳಿತು, ಆ ಪುಸ್ತಕವನ್ನು ಗದುಗಿನ ಭಾರತವನ್ನು ವಾಚನಮಾಡುವಷ್ಟು ಶ್ರದ್ಧೆಯಿಂದ ಓದೋಣ. ಹಾಳೆಯನ್ನು ಎರಡು ಅಂಕಣವಾಗಿ ಮಡಿಸಿ, ಒಂದರಲ್ಲಿ ಯಾರಿಗೆ ಏನು ಬರುತ್ತದೆಂಬುದನ್ನೂ ಇನ್ನೊಂದರಲ್ಲಿ ಕೆಟ್ಟ ವರ್ಷ ಬಂದರೆ ಯಾರನ್ನು ಕಾಯುವ ಏರ್ಪಾಡಿದೆಯೆಂಬುದನ್ನೂ ಬರೆಯೋಣ. ಎರಡನೆಯ ಅಂಕಣ ಎಷ್ಟು ಬರಿದಾಗಿದೆಯೆಂಬುದನ್ನು ಈ ಪತ್ರಿಕೆಯಲ್ಲಿ ಪ್ರಕಟಿಸಿ, ನಮ್ಮ ಶಾಸಕರಿಗೆ ಒಂದೊಂದು ಪ್ರತಿಯನ್ನು ಕಳುಹಿಸಿಕೊಡಬಹುದು. ಸಂಪಾದಕರು ಇದಕ್ಕೆ ನಾಲ್ಕು ಪುಟಗಳನ್ನು ಬಿಟ್ಟುಕೊಡುವರೆಂದು ನಂಬಿದ್ದೇನೆ.